ಯಾವ ಕೆಲಸಕ್ಕೆ ಯಾವ ಆಫೀಸು? ಕಾಸರಗೋಡಿನ ಪಂಚಾಯತು ವ್ಯವಹಾರ ಗೊತ್ತಿದ್ದವರು ಹೇಳಿ

ವಿಟ್ಲದ ಮಗಳು:
ಎಲ್ಲರಿಗೂ ನಮಸ್ಕಾರ. ನನ್ನ ತವರು ವಿಟ್ಲ. ಮದುವೆಯಾಗಿ ಬಂದದ್ದು ಗಡಿಯ ಈಚೆ, ಕೇರಳದ ಮಂಜೇಶ್ವರ ತಾಲೂಕಿಗೆ. ಊರಲ್ಲಿದ್ದಾಗ ಪಿಡಿಒ, ನಾಡಕಚೇರಿ ಇಷ್ಟು ಗೊತ್ತಿದ್ದರೆ ಸಾಕಿತ್ತು. ಇಲ್ಲಿ ಪಂಚಾಯತು ಆಫೀಸು ಬೇರೆ, ವಿಲೇಜ್ ಆಫೀಸು ಬೇರೆ. ಬ್ಲಾಕ್ ಉಂಟು, ಕೃಷಿ ಭವನ ಉಂಟು, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರ ಉಂಟು. ಯಾವುದಕ್ಕೆ ಎಲ್ಲಿ ಸಾಲು ನಿಲ್ಲಬೇಕು ಅಂತಲೇ ತಿಳಿಯುವುದಿಲ್ಲ.

ಈಗ ಮೂರು ಕೆಲಸ ಒಟ್ಟಿಗೆ ಬಂದಿದೆ. ಮಗು ಹುಟ್ಟಿದ್ದು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅದರ ಜನನ ಪ್ರಮಾಣಪತ್ರ ಆಗಬೇಕು. ನಮ್ಮ ಮದುವೆಯ ನೋಂದಣಿ ಇನ್ನೂ ಆಗಿಲ್ಲ. ಅತ್ತೆಗೆ ವಿಧವಾ ಪಿಂಚಣಿಯ ಅರ್ಜಿ ಹಾಕಬೇಕು. ಮೂರೂ ಪಂಚಾಯತಿನಲ್ಲೇ ಆಗುತ್ತದಾ?

ನಿವೃತ್ತ ಗುಮಾಸ್ತ:
ಮೂರರಲ್ಲಿ ಒಂದು ಮಾತ್ರ ಆಗುತ್ತದೆ ತಂಗಿ.

ಮೊದಲು ಮಗುವಿನದ್ದು. ಜನನವಾಗಲಿ ಮರಣವಾಗಲಿ, ನಡೆದ ಜಾಗದಲ್ಲೇ ನೋಂದಣಿ. ಅಪ್ಪ ಅಮ್ಮನ ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. 1969ರ ಕಾಯ್ದೆಯಿಂದಲೂ ಇದೇ ಕ್ರಮ. ನಮ್ಮ ಕಡೆಯ ಹೆರಿಗೆ ಅರ್ಧಕ್ಕರ್ಧ ಮಂಗಳೂರಿನಲ್ಲೇ ಆಗುವುದಲ್ವಾ? ಆ ಮಕ್ಕಳ ಪ್ರಮಾಣಪತ್ರ ಕರ್ನಾಟಕದ್ದೇ. ಖಾಸಗಿ ಆಸ್ಪತ್ರೆ ಎಂದರೆ ಸಾಮಾನ್ಯವಾಗಿ ಮಹಾನಗರ ಪಾಲಿಕೆಯಲ್ಲಿ ದಾಖಲಾಗಿರುತ್ತದೆ. 21 ದಿನದೊಳಗೆ ತಿಳಿಸುವ ಹೊಣೆ ಆಸ್ಪತ್ರೆಯದ್ದೇ. ನೀವು ಆಸ್ಪತ್ರೆಯವರನ್ನು ಕೇಳಿ, ಯಾವ ಕಚೇರಿಗೆ ಕಳಿಸಿದ್ದೀರಿ ಅಂತ. ಹೆಸರಿಡದೆ ನೋಂದಣಿ ಆಗಿದ್ದರೆ ಒಂದು ವರ್ಷದೊಳಗೆ ಹೆಸರು ಸೇರಿಸಿಬಿಡಿ, ಶುಲ್ಕ ಇಲ್ಲ. ಆಮೇಲಾದರೆ ಶುಲ್ಕ ಕಟ್ಟಿ ಸೇರಿಸಬಹುದು, ಅದಕ್ಕೂ 15 ವರ್ಷದ ಮಿತಿ ಇದೆ.

ಇದನ್ನು ಸಸಾರ ಮಾಡಬೇಡಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನದ ದಾಖಲೆ ಇದೇ. ತಂದೆ ತಾಯಿಯ ಹೆಸರಿನ ಅಕ್ಷರ ಆಧಾರಿನಲ್ಲಿ ಇದ್ದಂತೆಯೇ ಇದೆಯಾ ಎಂದು ನೋಡಿಕೊಳ್ಳಿ. ಆಚೆಯವರು ಒಂದು ಥರ ಬರೆಯುತ್ತಾರೆ, ಈಚೆಯವರು ಇನ್ನೊಂದು ಥರ.

ಮದುವೆ ಎಲ್ಲಿ ಆದದ್ದು?

ವಿಟ್ಲದ ಮಗಳು:
ತವರಿನ ಹತ್ತಿರದ ದೇವಸ್ಥಾನದ ಹಾಲ್‌ನಲ್ಲಿ ಅಣ್ಣಾ.

ನಿವೃತ್ತ ಗುಮಾಸ್ತ:
ಹಾಗಾದರೆ ಅದೂ ಇಲ್ಲಿ ಆಗುವುದಿಲ್ಲ. ಕೇರಳದಲ್ಲಿ 2008ರ ನಿಯಮದ ಪ್ರಕಾರ ಯಾವ ಧರ್ಮದವರಾದರೂ 45 ದಿನದೊಳಗೆ ಪಂಚಾಯತಿನಲ್ಲೋ ನಗರಸಭೆಯಲ್ಲೋ ಮದುವೆ ನೋಂದಾಯಿಸಬೇಕು. ಆದರೆ ಮದುವೆ ಈ ಪಂಚಾಯತಿನ ಗಡಿಯೊಳಗೆ ಆಗಿರಬೇಕು. ಕೊಲ್ಲೂರಿನಲ್ಲಿ, ಧರ್ಮಸ್ಥಳದಲ್ಲಿ, ಮಂಗಳೂರಿನ ಹಾಲ್‌ಗಳಲ್ಲಿ ತಾಳಿ ಕಟ್ಟಿ ಬಂದು ನಮ್ಮ ಟೇಬಲಿನ ಮುಂದೆ ನಿಂತವರನ್ನು ತುಂಬ ಕಂಡಿದ್ದೇನೆ. ನೀವು ಅಲ್ಲಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ವಿಚಾರಿಸಿ.

ಅತ್ತೆಯ ಪಿಂಚಣಿ ಮಾತ್ರ ಪಂಚಾಯತಿನದ್ದು. ಆದರೆ ಅರ್ಜಿಯ ಜೊತೆ ವರಮಾನ ಪ್ರಮಾಣಪತ್ರ ಬೇಕು, ಅದು ವಿಲೇಜ್ ಆಫೀಸಿನಿಂದ. ಅಕ್ಷಯದಲ್ಲಿ ಆನ್‌ಲೈನ್ ಹಾಕಿದರೆ ವಿಲೇಜ್ ಆಫೀಸರು ನೋಡಿ ಮಂಜೂರು ಮಾಡುತ್ತಾರೆ. ಕುಟುಂಬದ ವರಮಾನ ವರ್ಷಕ್ಕೆ ಒಂದು ಲಕ್ಷದೊಳಗಿರಬೇಕು. 1,600 ಇದ್ದ ಪಿಂಚಣಿ 2025ರ ನವೆಂಬರಿನಿಂದ 2,000 ಆಗಿದೆ. ಮಂಜೂರಾದ ಮೇಲೂ ಪ್ರತಿ ವರ್ಷ ಅಕ್ಷಯಕ್ಕೆ ಹೋಗಿ ಬೆರಳು ಒತ್ತಿ ಮಸ್ಟರಿಂಗ್, ಅಂದರೆ ಬದುಕಿದ್ದೇನೆ ಎಂಬ ಖಾತ್ರಿ, ಮಾಡಿಸಬೇಕು. ಅತ್ತೆಗೆ 60 ಆಗಿಲ್ಲ ಎಂದಾದರೆ ಮರುಮದುವೆ ಆಗಿಲ್ಲ ಎಂಬ ಪತ್ರವೂ ವರ್ಷ ವರ್ಷ ಕೊಡಬೇಕು. ಎಷ್ಟೋ ಮಂದಿ ಇದನ್ನು ಮರೆತು, ಪಿಂಚಣಿ ನಿಂತಿತು ಅಂತ ಮೆಂಬರಿಗೆ ಬೈಯುತ್ತಾರೆ.

ಕುಂಬಳೆ ಹುಡುಗ:
ಒಂದು ಪಿಂಚಣಿಗೆ ಮೂರು ಮೆಟ್ಟಿಲು. ಚೆನ್ನಾಗಿದೆ.

ಆದರೂ ವಿಲೇಜ್ ಆಫೀಸು ಮತ್ತು ಪಂಚಾಯತು ಆಫೀಸಿನ ವ್ಯತ್ಯಾಸ ನನಗೂ ಸರಿ ಗೊತ್ತಿಲ್ಲ. ಮನೆಯಲ್ಲಿ ಅಪ್ಪ ಎರಡೂ ಕಡೆ ದುಡ್ಡು ಕಟ್ಟುತ್ತಾರೆ.

ನಿವೃತ್ತ ಗುಮಾಸ್ತ:
ಜಾಗದ ತೀರ್ವೆ ವಿಲೇಜ್ ಆಫೀಸಿಗೆ. ಕಟ್ಟಡದ ತೆರಿಗೆ ಪಂಚಾಯತಿಗೆ. ಅಲ್ಲಿಂದಲೇ ಎಲ್ಲ ಬೇರೆಯಾಗುವುದು.

ವಿಲೇಜ್ ಆಫೀಸು ಎಂದರೆ ಕಂದಾಯ ಇಲಾಖೆ. ಅದರ ಮೇಲೆ ತಹಶೀಲ್ದಾರರು, ಆರ್‌ಡಿಒ, ಕಲೆಕ್ಟರು. ಅಲ್ಲಿ ಯಾರೂ ಓಟಿಗೆ ನಿಂತು ಬಂದವರಲ್ಲ. ಜಾಗದ ಸ್ವಾಧೀನ ಪತ್ರ, ಜಾತಿ, ವರಮಾನ, ವಾರಸುದಾರಿಕೆಯಂಥ ಕೆಲಸಗಳೆಲ್ಲ ಆ ಕಡೆ. ಪಂಚಾಯತು ನಾವು ಆರಿಸಿದ್ದು. ಅಲ್ಲಿ ಸಿಗುವುದು ಜನನ, ಮರಣ, ಮದುವೆ, ಮನೆ ಕಟ್ಟುವ ಪರ್ಮಿಟ್, ಮನೆ ನಂಬರು, ಅಂಗಡಿ ಲೈಸೆನ್ಸು, ಬೀದಿದೀಪ, ಒಳರಸ್ತೆ, ಕಸ. ಇನ್ನು ರೇಶನ್ ಕಾರ್ಡು ಇಬ್ಬರದ್ದೂ ಅಲ್ಲ, ತಾಲೂಕು ಸಪ್ಲೈ ಆಫೀಸಿನದ್ದು.

ಕಟ್ಟಡ ತೆರಿಗೆ ಅರ್ಧ ವರ್ಷಕ್ಕೊಮ್ಮೆ. ಸ್ವಂತ ವಾಸದ ಮನೆ 60 ಚದರ ಮೀಟರಿನೊಳಗಿದ್ದರೆ 2023ರಿಂದ ವಿನಾಯಿತಿ ಉಂಟು, ಒಬ್ಬರಿಗೆ ಒಂದು ಮನೆಗೆ. ಕೇಳದೆ ಯಾರೂ ಕೊಡುವುದಿಲ್ಲ, ಅರ್ಜಿ ಹಾಕಬೇಕು.

ನಮ್ಮ ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತು, 6 ಬ್ಲಾಕ್, 3 ನಗರಸಭೆ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ ಇವೆಲ್ಲ ಮಂಜೇಶ್ವರ ಬ್ಲಾಕಿನಲ್ಲಿ. ಕುಂಬಳೆ, ಬದಿಯಡ್ಕ, ಮಧೂರು ಕಾಸರಗೋಡು ಬ್ಲಾಕಿನಲ್ಲಿ. ಬೆಳ್ಳೂರು, ಕುಂಬ್ಡಾಜೆ, ದೇಲಂಪಾಡಿ ಕಾರಡ್ಕ ಬ್ಲಾಕಿನಲ್ಲಿ. ಅದಕ್ಕೇ ಓಟಿನ ದಿನ ಪಂಚಾಯತಿನವರು ಮೂರು ಓಟು ಹಾಕುವುದು. ಗ್ರಾಮಕ್ಕೆ ಒಂದು, ಬ್ಲಾಕಿಗೆ ಒಂದು, ಜಿಲ್ಲೆಗೆ ಒಂದು. ನಗರಸಭೆಯವರಿಗೆ ಒಂದೇ.

ವಿಟ್ಲದ ಮಗಳು:
ಬಹಳ ಉಪಕಾರ ಅಣ್ಣಾ. ಇಲ್ಲಿನ ಪಂಚಾಯತು ಇಷ್ಟು ದೊಡ್ಡದು ಯಾಕೆ? ತವರಿನಲ್ಲಿ ಆಫೀಸು ಮನೆಯಿಂದ ನಡೆದು ಹೋಗುವಷ್ಟು ದೂರ. ಮೆಂಬರುಗಳೂ ವಾರ್ಡಿಗೆ ಇಬ್ಬರು ಮೂವರು. ಇಲ್ಲಿ ಒಬ್ಬರೇ, ಅವರೂ ಪಕ್ಷದವರು.

ಮುಳ್ಳೇರಿಯ ಮಾಷ್ಟ್ರು:
ಕೇರಳದಲ್ಲಿ ಒಟ್ಟು 941 ಗ್ರಾಮ ಪಂಚಾಯತು. ಕರ್ನಾಟಕದಲ್ಲಿ 6 ಸಾವಿರದ ಹತ್ತಿರ. ಹಾಗಾಗಿ ಇಲ್ಲಿನ ಒಂದರಲ್ಲಿ ಅಲ್ಲಿನ ನಾಲ್ಕರಷ್ಟು ಜನ ಇರುತ್ತಾರೆ. ಅಲ್ಲಿ ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ, ಹೆಸರಿಗಾದರೂ. ಇಲ್ಲಿ ಚಿಹ್ನೆಯ ಮೇಲೆಯೇ ಸ್ಪರ್ಧೆ. ಒಳ್ಳೆಯದೋ ಕೆಟ್ಟದ್ದೋ ಅಂದರೆ, ನನಗೆ ಇದೇ ವಾಸಿ ಅನಿಸುತ್ತದೆ. ಯಾರು ಯಾರ ಕಡೆ ಎಂದು ಮುಚ್ಚಿಡುವ ನಾಟಕ ಇಲ್ಲ.

ಇನ್ನೊಂದು ವ್ಯತ್ಯಾಸ ಅಧಿಕಾರದ್ದು. 1996ರಲ್ಲಿ ಇಲ್ಲಿ ಊರಿನ ಜನರೇ ಕೂತು ಯೋಜನೆ ಮಾಡುವ ಜನಕೀಯ ಯೋಜನೆ ಶುರುವಾದಾಗ ರಾಜ್ಯದ ಯೋಜನಾ ಹಣದ 35ರಿಂದ 40 ಶೇಕಡಾ ಸ್ಥಳೀಯ ಸಂಸ್ಥೆಗಳಿಗೇ ಕೊಡುವುದು ಎಂದಾಯಿತು. ಕೃಷಿ ಭವನ, ಮೃಗಾಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಸರಕಾರಿ ಎಲ್‌ಪಿ ಯುಪಿ (ಏಳನೇ ಕ್ಲಾಸಿನವರೆಗಿನ) ಶಾಲೆ ಎಲ್ಲವೂ ಗ್ರಾಮ ಪಂಚಾಯತಿನ ಕೈಗೆ ಬಂದವು. ಹೈಸ್ಕೂಲುಗಳು ಜಿಲ್ಲಾ ಪಂಚಾಯತಿಗೆ. ನಮ್ಮ ಶಾಲೆಯ ಮಾಡು ಸೋರಿದರೆ ನಾನು ಇಲಾಖೆಗೆ ಬರೆದು ಕಾಯುತ್ತಿರಲಿಲ್ಲ, ಸೀದಾ ಪ್ರೆಸಿಡೆಂಟರ ಮುಂದೆ ಹೋಗಿ ಕೂರುತ್ತಿದ್ದೆ. ಎಂಡೋಸಲ್ಫಾನಿನಿಂದ ಬಾಧಿತರಾದ ಮಕ್ಕಳಿಗೆ ಬಡ್ಸ್ ಎಂಬ ವಿಶೇಷ ಶಾಲೆಗಳನ್ನು ನಡೆಸುವುದೂ ಪಂಚಾಯತುಗಳೇ. ಕುಂದುಕೊರತೆ ಏನೇ ಇರಲಿ, ಆ ಮನೆಗಳಿಗೆ ಹಗಲು ನಾಲ್ಕು ಗಂಟೆಯ ಬಿಡುವು ಎಂದರೆ ಎಷ್ಟು ದೊಡ್ಡದು ಅಂತ ನೋಡಿದವರಿಗೇ ಗೊತ್ತು.

ಅಡಿಕೆಚೀಲ:
ಮಾಷ್ಟ್ರೇ, ನೀವು ಹೇಳಿದ ಅಧಿಕಾರ ನಮ್ಮ ಮನೆಯ ದಾರಿಗೆ ಇನ್ನೂ ಬಂದಿಲ್ಲ. ಮಳೆಗಾಲದಲ್ಲಿ ಜೀಪು ಕೂಡ ಬರುವುದಿಲ್ಲ. ಗೊನೆ ತೆಗೆದರೆ ಚೀಲ ತಲೆಹೊರೆಯಲ್ಲೇ ಮೇಲೆ ತರಬೇಕು. ಮೆಂಬರರಲ್ಲಿ ಹೇಳಿದರೆ ನೋಡುವ ಅನ್ನುತ್ತಾರೆ. ಹೋದ ಸಲದವರೂ ನೋಡುವ ಅಂದಿದ್ದರು. ತೆರಿಗೆ ಮಾತ್ರ ತಪ್ಪದೆ ಕಟ್ಟಬೇಕು. ಈಗ ಅದರ ಮೇಲೆ ತಿಂಗಳಿಗೆ 50 ರೂಪಾಯಿ ಪ್ಲಾಸ್ಟಿಕ್ಕಿಗೆ. ನಮ್ಮ ಕಸಕ್ಕೆ ನಾವೇ ದುಡ್ಡು ಕೊಡುವುದಾ? ಗುಜರಿಯವನು ಬಂದರೆ ಅವನೇ ನಮಗೆ ಕೊಡುತ್ತಾನೆ.

ಕುಂಬಳೆ ಹುಡುಗ:
ಅದೂ ತೊಳೆದು ಒಣಗಿಸಿ ಕೊಡಬೇಕಂತೆ! ಹಾಲಿನ ಪ್ಯಾಕೆಟಿಗೆ ಇಷ್ಟು ಸೇವೆ.

ಅಯಲ್‌ಕೂಟದ ಅಕ್ಕ:
ನಾನು ಮನೆ ಮನೆಯಿಂದ ಕಸ ಒಟ್ಟುಮಾಡುವ ಹರಿತ ಕರ್ಮ ಸೇನೆಯಲ್ಲಿದ್ದೇನೆ. ಹಾಗಾಗಿ ಇದಕ್ಕೆ ಉತ್ತರ ನಾನೇ ಕೊಡುತ್ತೇನೆ.

ಅಣ್ಣಾ, ಗುಜರಿಯವರು ತೆಗೆದುಕೊಳ್ಳುವುದು ಬಾಟ್ಲಿ, ಕಬ್ಬಿಣ, ಪೇಪರು. ಚಿಪ್ಸ್ ಪ್ಯಾಕೆಟು, ಹರಿದ ಚಪ್ಪಲಿ, ಮಗುವಿನ ಬ್ಯಾಗು, ಮುರಿದ ಟ್ಯೂಬ್‌ಲೈಟು ಅವರು ಮುಟ್ಟುತ್ತಾರಾ? ಅದನ್ನು ತೆಗೆದುಕೊಂಡು ಹೋಗುವುದು ನಾವು. ಯಾವ ತಿಂಗಳು ಯಾವುದು ಎಂದು ಕ್ಯಾಲೆಂಡರ್ ಇದೆ. ಪ್ಲಾಸ್ಟಿಕ್ ತಿಂಗಳು ತಿಂಗಳು, ಗಾಜು, ಬಟ್ಟೆ, ಇ-ಕಸ ಎಲ್ಲ ಆಯಾ ಸಮಯಕ್ಕೆ. ಮನೆಯಿಂದ ತಂದದ್ದನ್ನು ಕಸ ಸಂಗ್ರಹಿಸಿಡುವ ಎಂಸಿಎಫ್ ಶೆಡ್ಡಿನಲ್ಲಿ ಕೂತು ಕೈಯಲ್ಲೇ ಬೇರೆ ಮಾಡಬೇಕು. ತೊಳೆಯದ ಹಾಲಿನ ಪ್ಯಾಕೆಟು ಚೀಲದಲ್ಲಿ ಎರಡು ದಿನ ಇದ್ದರೆ ಹುಳ ಆಗುತ್ತದೆ. ಒಮ್ಮೆ ಬಂದು ಮೂಸಿ ನೋಡಿ ತಮ್ಮಾ, ಆಮೇಲೆ ಸೇವೆಯ ಮಾತಾಡುವ.

ಇನ್ನು 50 ರೂಪಾಯಿ. ನಮಗೆ ಸರಕಾರದ ಸಂಬಳ ಇಲ್ಲ. ಆ ದುಡ್ಡೇ ನಮ್ಮ ಕೂಲಿ. ಪಂಚಾಯತು ನೂರು ಮನೆ ತೋರಿಸಿದರೆ ಗುಡ್ಡ ಹತ್ತಿ ಇಳಿದು ನೂರು ಮನೆಗೂ ಹೋಗುತ್ತೇವೆ. ಅರ್ಧ ಮನೆಯವರು ಈ ಸಲ ಪ್ಲಾಸ್ಟಿಕ್ ಇಲ್ಲ ಅನ್ನುತ್ತಾರೆ. ಮುಂದಿನ ತಿರುವಿನಲ್ಲಿ ನೋಡಿದರೆ ತೋಡಿನ ಬದಿಯಲ್ಲಿ ಸುಟ್ಟ ಬೂದಿ. ಈಗ ಕಾನೂನಿನಲ್ಲೂ ಬದಲಾವಣೆ ಬಂದಿದೆ. ಬಾಕಿ ಇಟ್ಟರೆ ಕಟ್ಟಡ ತೆರಿಗೆಯ ಬಾಕಿಯ ಹಾಗೆಯೇ ವಸೂಲಿ ಮಾಡಬಹುದು. ಕಸ ಎಸೆಯುವವರ ಫೋಟೋ ತೆಗೆದು ಕಳಿಸಿದವರಿಗೆ ದಂಡದ ಕಾಲು ಭಾಗ ಬಹುಮಾನ ಬೇರೆ.

ದಾರಿಯ ವಿಷಯ. ತಪ್ಪು ತಿಳಿಯಬೇಡಿ, ನೀವು ಗ್ರಾಮಸಭೆಗೆ ಹೋಗುತ್ತೀರಾ?

ಅಡಿಕೆಚೀಲ:
ಹೆಂಡತಿ ಹೋಗುತ್ತಾಳೆ, ಸೈನ್ ಹಾಕಿ ಬರುತ್ತಾಳೆ. ಕೋಳಿಮರಿ, ಬಾಳೆಗಿಡಕ್ಕೆ ಹೆಸರು ಕೊಡಲಿಕ್ಕೆ. ಅಲ್ಲಿ ಬೇರೆ ಎಂತ ಉಂಟು?

ಅಯಲ್‌ಕೂಟದ ಅಕ್ಕ:
ಬೇರೆ ಎಲ್ಲ ಉಂಟು. ನೀವು ಹೋಗದ ಕಾರಣ ಕೋಳಿಮರಿ ಮಾತ್ರ ಕಾಣುವುದು.

ಗ್ರಾಮಸಭೆ ಎಂದರೆ ವಾರ್ಡಿನ ಎಲ್ಲ ಮತದಾರರು. ಮೂರು ತಿಂಗಳಿಗೊಮ್ಮೆ ಕರೆಯಲೇಬೇಕು. ಸತತ ಎರಡು ಸಲ ಕರೆಯದಿದ್ದರೆ ಮೆಂಬರ್ ಸ್ಥಾನವೇ ಹೋಗಬಹುದು. ಕೋರಂ ಶೇಕಡಾ 10. ಅಂದರೆ 1,200 ಮತದಾರರಿದ್ದರೆ 120 ಜನ. ಅಷ್ಟು ಜನ ಬರುವುದು ಅಪರೂಪ. ಬರುವವರು ನಾವು ಕುಟುಂಬಶ್ರೀ ಮಹಿಳಾ ಸಂಘದವರು, ಉದ್ಯೋಗ ಖಾತ್ರಿಯವರು, ಮನೆಗೋ ಆಡಿಗೋ ಅರ್ಜಿ ಹಾಕಿದವರು. ಗಂಡಸರು ಬಾಗಿಲಲ್ಲಿ ನಿಂತು ಇಣುಕುತ್ತಾರೆ. ಸ್ವಲ್ಪ ಅನುಕೂಲ ಇದ್ದವರು ಬರುವುದೇ ಇಲ್ಲ, ನಮಗೆ ಅಲ್ಲಿ ಸಿಗುವುದು ಎಂತದ್ದು ಅಂತ. ಆಮೇಲೆ ವಾಟ್ಸಾಪಿನಲ್ಲಿ ರಸ್ತೆಯ ಗುಂಡಿಯ ಫೋಟೋ ಹಾಕುತ್ತಾರೆ.

ಫಲಾನುಭವಿಗಳ ಪಟ್ಟಿ ಮಾತ್ರ ಅಲ್ಲ, ಮುಂದಿನ ವರ್ಷ ವಾರ್ಡಿಗೆ ಏನು ಬೇಕು ಎಂಬ ಬೇಡಿಕೆಯೂ ಅಲ್ಲೇ ಹುಟ್ಟಬೇಕು. ಅದು ವರ್ಕಿಂಗ್ ಗ್ರೂಪಿಗೆ ಹೋಗುತ್ತದೆ, ನಂತರ ಅಭಿವೃದ್ಧಿ ಸೆಮಿನಾರಿಗೆ, ಆಮೇಲೆ ಪಂಚಾಯತು ಸಮಿತಿಗೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಗೆ. ಮೊದಲ ಮೆಟ್ಟಿಲಲ್ಲಿ ನಿಮ್ಮ ದಾರಿಯ ಹೆಸರೇ ಬರದಿದ್ದರೆ ಮೆಂಬರು ಎಲ್ಲಿಂದ ತರುವುದು? ಬಂದರೂ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮ ವಾರ್ಡಿನ ಕಾಲುಸೇತುವೆ ಮಿನಿಟ್ಸಿನಲ್ಲಿ ಎಷ್ಟೋ ಸಲ ಬಂದು ಹೋಗಿದೆ. ಪಕ್ಷ ನೋಡಿ ಹಣ ಹಂಚುವುದೂ ಇಲ್ಲದಿಲ್ಲ. ಆದರೆ ಬರೆದದ್ದನ್ನು ಎತ್ತಿ ಹಿಡಿದು ಕೇಳಬಹುದು. ಬಾಯಲ್ಲಿ ಹೇಳಿದ್ದಕ್ಕೆ ಎಂತ ಆಧಾರ?

ಹತ್ತು ಶೇಕಡಾ ಮತದಾರರು ಸೈನ್ ಹಾಕಿ ಕೊಟ್ಟರೆ ವಿಶೇಷ ಗ್ರಾಮಸಭೆಯನ್ನೂ ಕರೆಯಬೇಕಾಗುತ್ತದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ.

ಬೆಂಗಳೂರು ವಾಸಿ, ಬದಿಯಡ್ಕದವ:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಊರಿಗೆ ಹೋದಾಗ ಒಂದು ಗ್ರಾಮಸಭೆಯಲ್ಲಿ ಕೂತಿದ್ದೆ. ಎದುರಿನ ಸಾಲಿನಲ್ಲೆಲ್ಲ ಹೆಂಗಸರು, ಪ್ರಶ್ನೆ ಕೇಳಿದ್ದೂ ಅವರೇ. ಶೇಕಡಾ 50 ಮಹಿಳಾ ಮೀಸಲಾತಿ 2010ರ ಚುನಾವಣೆಯಿಂದ ಇದೆ. ಅದರ ಫಲ ಅಲ್ಲಿ ಕಾಣುತ್ತದೆ. ಮೊದಲೆಲ್ಲ ಗಂಡ ಮಾತಾಡುವುದು, ಹೆಂಡತಿ ಮೆಂಬರ್ ಅಂತ ನಗುತ್ತಿದ್ದೆವು. ಈಗ ಆ ನಗು ನಡೆಯುವುದಿಲ್ಲ.

ಒಂದು ಪ್ರಶ್ನೆ. ವಿಧಾನಸಭೆ ಓಟರ್ ಲಿಸ್ಟಿನಲ್ಲಿ ನನ್ನ ಹೆಸರಿದೆ. 2025ರ ಡಿಸೆಂಬರಿನ ಪಂಚಾಯತು ಚುನಾವಣೆಗೆ ಬಸ್ಸು ಹತ್ತಿ ಬಂದರೆ ಹೆಸರೇ ಇಲ್ಲ. ಹೇಗೆ?

ನಿವೃತ್ತ ಗುಮಾಸ್ತ:
ಪಟ್ಟಿಯೇ ಬೇರೆ. ಪಂಚಾಯತಿನದ್ದು ರಾಜ್ಯ ಚುನಾವಣಾ ಆಯೋಗದ್ದು, ವಿಧಾನಸಭೆಯದ್ದು ಕೇಂದ್ರದ ಆಯೋಗದ್ದು. ಒಂದರಲ್ಲಿ ಇದ್ದರೆ ಇನ್ನೊಂದರಲ್ಲಿ ತಾನಾಗಿ ಬರುವುದಿಲ್ಲ. ಅದರ ಮೇಲೆ ಈ ಸಲ ವಾರ್ಡು ವಿಂಗಡಣೆಯೂ ಆಗಿತ್ತು. ಪಟ್ಟಿಯ ಕರಡು ಬಂದಾಗಲೇ ನೋಡಬೇಕು.

ವಿಟ್ಲದ ಮಗಳು:
ಅಕ್ಕಾ, ನನಗೂ ಗ್ರಾಮಸಭೆಗೆ ಬರಬೇಕು ಅಂತ ಉಂಟು. ಆದರೆ ಮಲೆಯಾಳ ಅರ್ಥವಾಗುವುದೇ ಕಷ್ಟ. ಫಾರ್ಮ್ ಕೂಡ ಮಲೆಯಾಳದ್ದೇ ಕೊಡುತ್ತಾರೆ. ಅಕ್ಷಯದಲ್ಲಿ ಅವರೇ ತುಂಬಿಸಿದ್ದಕ್ಕೆ ಸುಮ್ನೆ ಸೈನ್ ಹಾಕಿ ಬಂದೆ.

ಮುಳ್ಳೇರಿಯ ಮಾಷ್ಟ್ರು:
ಸುಮ್ನೆ ಸೈನ್ ಹಾಕಬೇಡಿ ಮಗಾ. ಇದು ನಾನು ಸಭೆ ಸಭೆಗಳಲ್ಲಿ ಹೇಳಿ ಗಂಟಲು ಒಣಗಿದ ವಿಷಯ.

ಸಂವಿಧಾನದ 350ನೇ ವಿಧಿಯ ಪ್ರಕಾರ ನಮ್ಮ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಎಂದಿದೆ. ಪಂಚಾಯತು ಚುನಾವಣೆಯ ಮತಪತ್ರದಲ್ಲಿ ಇಲ್ಲಿ ಕನ್ನಡವೂ ಇರುತ್ತದೆ. ಓಟು ಕೇಳುವಾಗ ಇರುವ ಕನ್ನಡ ಫಾರ್ಮಿಗೆ ಬರುವಾಗ ಎಲ್ಲಿ ಹೋಗುತ್ತದೆ ಎಂಬುದೇ ನನ್ನ ತಕರಾರು.

ಆದರೆ ತಪ್ಪು ನಮ್ಮ ಕಡೆಯೂ ಇದೆ. ಕನ್ನಡ ಫಾರ್ಮ್ ಕೊಡಿ ಅಂತ ಕೇಳುವವರು ಎಷ್ಟು ಮಂದಿ? ಗಡಿ ವಿವಾದದ ಮಹಾಜನ ವರದಿ 1967ರದ್ದು, ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತ್ತು, ಎಂದು ಭಾಷಣ ಮಾಡುವವರು ಕೂಡ ಪಂಚಾಯತಿಗೆ ಹೋದಾಗ ಹರುಕು ಮಲೆಯಾಳದಲ್ಲಿ ಮಾತಾಡಿ ಬರುತ್ತಾರೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಏಕೀಕರಣಕ್ಕೆ ಹೋರಾಡಿದವರು. ಹಾಗಂತ ಪಂಚಾಯತು ಬೇಡ ಅನ್ನಲಿಲ್ಲ. ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಕೆಲಸ ಮಾಡಿದರು. ಎರಡೂ ಒಟ್ಟಿಗೆ ಆಗುವ ಕೆಲಸ.

ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ ಮಾಡಿ. ಫ್ರಂಟ್ ಆಫೀಸಿನಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ರಸೀದಿ ಇಲ್ಲದ ಅರ್ಜಿ ಅರ್ಜಿಯೇ ಅಲ್ಲ.

ಕುಂಬಳೆ ಹುಡುಗ:
ಈಗ ಎಲ್ಲ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲೇ ಅಲ್ವಾ ಮಾಷ್ಟ್ರೇ? ನಗರಸಭೆಗಳಲ್ಲಿ 2024ರ ಜನವರಿಯಲ್ಲಿ ಬಂತು, ಪಂಚಾಯತುಗಳಿಗೆ 2025ರ ಏಪ್ರಿಲಿನಲ್ಲಿ. ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಫೈಲು ಯಾರ ಟೇಬಲಿನಲ್ಲಿದೆ ಅಂತಲೂ ಕಾಣುತ್ತದೆ. ನಾನು ಕಟ್ಟಡ ತೆರಿಗೆ ಫೋನಿನಲ್ಲೇ ಕಟ್ಟಿದೆ. ಪಂಚಾಯತಿನ ಮುಖ ನೋಡಲಿಲ್ಲ.

ಮುಳ್ಳೇರಿಯ ಮಾಷ್ಟ್ರು:
ನಿನಗೆ ಸುಲಭ. ನಿನ್ನ ಅಜ್ಜಿಗೆ? ಅವರ ಫೋನಿಗೆ ಒಟಿಪಿ ಬಂದರೆ ಓದಿ ಹೇಳುವುದಕ್ಕೇ ಇನ್ನೊಬ್ಬರು ಬೇಕು.

ನಿವೃತ್ತ ಗುಮಾಸ್ತ:
ಇಬ್ಬರೂ ಸರಿ. ಆನ್‌ಲೈನ್ ಬಂದ ಮೇಲೆ ನಾಳೆ ಬನ್ನಿ ಅನ್ನುವುದು ಕಡಿಮೆಯಾಗಿದೆ. ಆದರೆ ಒಂದು ದಾಖಲೆ ಅಪ್‌ಲೋಡ್ ಮಾಡುವಾಗ ತಪ್ಪಿದರೆ ಅರ್ಜಿ ವಾಪಸು ಬರುತ್ತದೆ, ಅದು ವಾಪಸು ಬಂದದ್ದೇ ಹಲವರಿಗೆ ತಿಳಿಯುವುದಿಲ್ಲ. ಅಕ್ಷಯದಲ್ಲಿ ಹಾಕಿಸುವವರು ತಮ್ಮದೇ ಮೊಬೈಲ್ ನಂಬರ್ ಕೊಡಿ. ಅಂಗಡಿಯವರ ನಂಬರ್ ಹಾಕಿದರೆ ಮೆಸೇಜು ಅವರಿಗೆ ಹೋಗುತ್ತದೆ.

ತೀರಾ ಅನ್ಯಾಯವಾದರೆ ಸ್ಥಳೀಯ ಸಂಸ್ಥೆಗಳ ಮೇಲಿನ ದೂರು ವಿಚಾರಿಸಲೆಂದೇ ಓಂಬುಡ್ಸ್‌ಮನ್ ಇದ್ದಾರೆ. ಲೈಸೆನ್ಸು, ಪರ್ಮಿಟ್ ಇಂಥದ್ದರ ಮೇಲ್ಮನವಿಗೆ ಟ್ರಿಬ್ಯೂನಲ್ ಇದೆ, ತಿರುವನಂತಪುರದಲ್ಲಿ. ಇಲ್ಲಿಂದ ಅಲ್ಲಿಗೆ ರಾಜ್ಯದ ಈ ತುದಿಯಿಂದ ಆ ತುದಿ. ಅದಕ್ಕೆ ಮೊದಲು ಸೆಕ್ರೆಟರಿಯ ಹತ್ತಿರ ಕೂತು ಮಾತಾಡಿ. ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಅಡಿಕೆಚೀಲರೇ, ನಿಮ್ಮ ದಾರಿಯ ವಿಷಯ ಮರೆತಿಲ್ಲ. ಆ ದಾರಿ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಉಂಟಾ?

ಅಡಿಕೆಚೀಲ:
ಅದೆಂತ ರಿಜಿಸ್ಟರ್?

ನಿವೃತ್ತ ಗುಮಾಸ್ತ:
ಪಂಚಾಯತಿನ ಸ್ವಂತ ರಸ್ತೆ, ಕಟ್ಟಡ, ಕೆರೆ ಎಲ್ಲದರ ಪಟ್ಟಿ. ಅದರಲ್ಲಿ ಇಲ್ಲದ ರಸ್ತೆಗೆ ಒಂದು ಬುಟ್ಟಿ ಜಲ್ಲಿ ಹಾಕಲಿಕ್ಕೂ ಪಂಚಾಯತಿಗೆ ಆಗುವುದಿಲ್ಲ, ಆಡಿಟ್ ಹಿಡಿಯುತ್ತದೆ. ಮೆಂಬರ್ ನೋಡುವ ಅನ್ನುವುದು ಇದಕ್ಕೇ ಇರಬಹುದು, ಬಿಡಿಸಿ ಹೇಳುವ ತಾಳ್ಮೆ ಇಲ್ಲ ಅಷ್ಟೆ. ಖಾಸಗಿ ಜಾಗದಲ್ಲಿ ಹೋಗುವ ದಾರಿಯಾದರೆ, ಜಾಗದವರೆಲ್ಲ ಅಷ್ಟು ಅಗಲವನ್ನು ಪಂಚಾಯತಿಗೆ ಬಿಟ್ಟುಕೊಡುತ್ತೇವೆ ಎಂದು ಬರೆದುಕೊಡಬೇಕು. ಸಮಿತಿ ಒಪ್ಪಿ ರಿಜಿಸ್ಟರಿಗೆ ಸೇರಿಸಬೇಕು. ಆಮೇಲೆ ಅದು ಎಲ್ಲರ ರಸ್ತೆ, ನಾಳೆ ಯಾರೂ ಬೇಲಿ ಹಾಕುವ ಹಾಗಿಲ್ಲ. ನಿಮ್ಮ ದಾರಿ ಎಷ್ಟು ಜನರ ಜಾಗದಲ್ಲಿ ಹೋಗುತ್ತದೆ?

ಅಡಿಕೆಚೀಲ:
ನನ್ನದು ಬಿಟ್ಟರೆ ಒಬ್ಬರದ್ದು.

ಅಯಲ್‌ಕೂಟದ ಅಕ್ಕ:
ಒಬ್ಬರೇ ಎಂದಾದರೆ ಸುಲಭ ಅಲ್ವಾ ಅಣ್ಣಾ! ಒಂದು ಸಂಜೆ ಹೋಗಿ ಮಾತಾಡಿ. ಗ್ರಾಮಸಭೆಗೆ ಮೊದಲು ಪತ್ರ ಸಿಕ್ಕಿದರೆ ಅಲ್ಲೇ ಓದಿ ಮಿನಿಟ್ಸಿಗೆ ಹಾಕಿಸಬಹುದು.

ಅಡಿಕೆಚೀಲ:
ಅದೇ ಕಷ್ಟ ತಂಗಿ. ಅವನು ನನ್ನ ದೊಡ್ಡಪ್ಪನ ಮಗ. ಪಾಲು ಆದಲ್ಲಿಂದ ಮಾತಿಲ್ಲ.

ನಿವೃತ್ತ ಗುಮಾಸ್ತ:
ಇದಕ್ಕೆ ಕೆ-ಸ್ಮಾರ್ಟಿನಲ್ಲಿ ಅರ್ಜಿ ಇಲ್ಲ ಮಾರಾಯ್ರೇ. ಮೆಂಬರರನ್ನೇ ಕರೆದುಕೊಂಡು ಹೋಗಿ, ಓಟು ಆ ಮನೆಯಲ್ಲೂ ಇದೆಯಲ್ಲ.